ಜನಪದ ಕುಣಿತದ ಸಂಗೀತ ನಿರ್ವಹಣಾ ವ್ಯವಸ್ಥೆ: ದೋಷ ಪತ್ತೆ ಮತ್ತು ನಿವಾರಣೆ

ಕೋಲಾಟಕ್ಕೋ ಕಂಸಾಳೆಗೋ ಮೇಳವೇ ಎದುರಿಗಿದ್ದರೆ ಕಂಪ್ಯೂಟರಿನ ಅಗತ್ಯ ಬೀಳುವುದಿಲ್ಲ. ಹಾಡುಗಾರರನ್ನು ಪ್ರತಿ ಅಭ್ಯಾಸಕ್ಕೂ ಕರೆಸಲಾಗದ ಶಾಲೆ ಕಾಲೇಜುಗಳ ತಂಡಗಳು, ಹವ್ಯಾಸಿ ಕೂಟಗಳು, ಹೊರದೇಶದ ಕನ್ನಡ ಸಂಘಗಳು ಮಾತ್ರ ಧ್ವನಿಮುದ್ರಣವನ್ನೇ ನೆಚ್ಚಿಕೊಂಡಿವೆ. ಅಂಥ ತಂಡಗಳಲ್ಲಿ ಹಾಡುಗಳ ಸಂಖ್ಯೆ ಬೆಳೆದಂತೆ, ಒಂದು ಲ್ಯಾಪ್‌ಟಾಪಿನಲ್ಲಿ ಫೋಲ್ಡರುಗಳನ್ನು ಮಾಡಿಟ್ಟುಕೊಂಡು ನಡೆಸುತ್ತಿದ್ದ ವ್ಯವಹಾರ ಸಾಲದಾಗಿ, ಹಾಡುಗಳ ದತ್ತಸಂಚಯ, ಅದರಿಂದ ಕಾರ್ಯಕ್ರಮ ಪಟ್ಟಿ ತಯಾರಿಸುವ ಸಣ್ಣ ತಂತ್ರಾಂಶ, ಅದನ್ನು ನುಡಿಸುವ ಪ್ಲೇಯರ್, ಕೊನೆಗೆ ಮಿಕ್ಸರ್ ಮತ್ತು ಸ್ಪೀಕರ್ ಬಾಕ್ಸುಗಳು ಎಂಬ ಸರಪಣಿಯೊಂದು ರೂಪುಗೊಳ್ಳುತ್ತದೆ. ಈ ಸರಪಣಿಯಲ್ಲಿ ಕಾಣಿಸಿಕೊಳ್ಳುವ ದೋಷಗಳನ್ನು ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವ್ಯವಸ್ಥೆಯ ರಚನೆ

ದತ್ತಸಂಚಯವನ್ನು ಎಸ್‌ಕ್ಯುಎಲೈಟ್ ಎಂಬ ದತ್ತಸಂಚಯ ತಂತ್ರಾಂಶದಲ್ಲಿ ಕಟ್ಟಲಾಗಿದೆ ಎಂದು ಭಾವಿಸಿಕೊಳ್ಳೋಣ, ಏಕೆಂದರೆ ಇಡೀ ಸಂಚಯ ಒಂದೇ ಫೈಲಿನಲ್ಲಿದ್ದು ಪೆನ್‌ಡ್ರೈವಿನಲ್ಲಿ ಒಯ್ಯಲು ಬರುತ್ತದೆ, ಇಂಟರ್‌ನೆಟ್ ಬೇಕಾಗುವುದಿಲ್ಲ. ಅದರಲ್ಲಿ ಮೂರು ಕೋಷ್ಟಕಗಳು ಪ್ರತ್ಯೇಕವಾಗಿರಬೇಕು: ಕುಣಿತ, ಮುದ್ರಿಕೆ ಮತ್ತು ಫೈಲು. ಕುಣಿತವೆಂದರೆ ತಂಡ ಕಲಿತಿರುವ ವರಸೆಗಳ ಸರಣಿ. ಮುದ್ರಿಕೆಯೆಂದರೆ ಇಂಥವರು ಇಂಥ ಶ್ರುತಿಯಲ್ಲಿ ಇಷ್ಟು ಚರಣ ಹಾಡಿದ ಒಂದು ನಿರ್ದಿಷ್ಟ ಗಾಯನ. ಫೈಲೆಂದರೆ ಆ ಗಾಯನದ ಒಂದು ಪ್ರತಿ. ಒಂದೇ ಕುಣಿತಕ್ಕೆ ಹಲವು ಮುದ್ರಿಕೆಗಳಿರಬಹುದು, ಒಂದೇ ಮುದ್ರಿಕೆ ಎರಡು ಕುಣಿತಗಳಿಗೆ ಬಳಕೆಯಾಗಬಹುದು, ಒಂದೇ ಮುದ್ರಿಕೆಗೆ ಎಂಪಿ3 (ಧ್ವನಿಯ ಕೆಲವಂಶ ಬಿಟ್ಟು ಕುಗ್ಗಿಸಿದ್ದು), ಫ್ಲ್ಯಾಕ್ (ಏನೂ ಬಿಡದೆ ಕುಗ್ಗಿಸಿದ್ದು) ಎಂದು ಹಲವು ಫೈಲುಗಳಿರಬಹುದು. ಈ ಮೂರನ್ನು ಒಂದೇ ಸಾಲಿನಲ್ಲಿ ತುಂಬಿದ ವ್ಯವಸ್ಥೆಯಲ್ಲಿ ಕೆಳಗಿನ ದೋಷಗಳಲ್ಲಿ ಕೆಲವನ್ನು ಗುರುತಿಸಬಹುದೇ ಹೊರತು ನಿವಾರಿಸಲಾಗದು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ

ಯಾವ ದೋಷವೇ ಇರಲಿ, ಅದು ಎಲ್ಲ ಹಾಡುಗಳಲ್ಲೂ ಇದೆಯೋ, ಒಂದು ಬಗೆಯ ಹಾಡುಗಳಲ್ಲಿ ಮಾತ್ರ ಇದೆಯೋ, ಒಂದೇ ಹಾಡಿನಲ್ಲಿದೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಎಲ್ಲದರಲ್ಲೂ ಇದ್ದರೆ ತಪ್ಪು ತಂತಿಯಲ್ಲಿ, ಯಂತ್ರದಲ್ಲಿ ಅಥವಾ ಪ್ಲೇಯರಿನ ಹೊಂದಾಣಿಕೆಯಲ್ಲಿ ಇರುತ್ತದೆ. ಒಂದು ಬಗೆಯ ಹಾಡುಗಳಲ್ಲಿ ಮಾತ್ರ ಇದ್ದರೆ, ಅಂದರೆ ಕ್ಯಾಸೆಟ್ಟಿನಿಂದ ಬಂದವುಗಳಲ್ಲಿ, ಮೊಬೈಲ್ ವಿಡಿಯೊದಿಂದ ತೆಗೆದವುಗಳಲ್ಲಿ ಅಥವಾ ಒಬ್ಬರೇ ಕಳುಹಿಸಿದವುಗಳಲ್ಲಿ ಇದ್ದರೆ, ಅವೆಲ್ಲ ಹಾದುಬಂದ ಹಂತವನ್ನು ಹುಡುಕಬೇಕು. ಒಂದೇ ಹಾಡಿನಲ್ಲಿದ್ದರೆ ಆ ಫೈಲನ್ನೋ ಅದರ ದಾಖಲೆಯನ್ನೋ ನೋಡಿದರೆ ಸಾಕು. ಮೂರು ಬಗೆಯ ಮೂರು ಹಾಡುಗಳನ್ನು ಅರ್ಧರ್ಧ ನಿಮಿಷ ನುಡಿಸಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಇದನ್ನು ಬಿಟ್ಟು ನೇರವಾಗಿ ಕೇಬಲ್ ಬದಲಿಸುವುದು, ತಂತ್ರಾಂಶವನ್ನು ಮರಳಿ ಇನ್‌ಸ್ಟಾಲ್ ಮಾಡುವುದು ಇವೆಲ್ಲ ಕಾಲಹರಣವೇ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ನೋಡುವ ಶಿಸ್ತು ಇಲ್ಲದಿದ್ದರೆ, ದೋಷ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಅದೇ ಮತ್ತೆ ಎದುರಾಗುತ್ತದೆ.

ಧ್ವನಿಯೇ ಬಾರದಿದ್ದಾಗ

ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಕೇಳಿ. ಅಲ್ಲಿ ಧ್ವನಿ ಇದ್ದರೆ ಮುಂದಿನ ಕೆಲಸ ಸೌಂಡ್ ಸಿಸ್ಟಂನವರದು. ಅಲ್ಲಿಯೂ ಇಲ್ಲದಿದ್ದರೆ, ಸಭಾಂಗಣದ ಪ್ರೊಜೆಕ್ಟರ್ ಅಥವಾ ಎಲ್‌ಇಡಿ ಪರದೆಯ ಎಚ್‌ಡಿಎಂಐ ಕೇಬಲ್ ಈಚೆಗೆ ಸೇರಿಸಲಾಗಿದೆಯೇ ಎಂದು ವಿಚಾರಿಸಿ. ಅದನ್ನು ಚುಚ್ಚಿದೊಡನೆ ವಿಂಡೋಸ್ ಧ್ವನಿಯನ್ನು ಪರದೆಯ ಕಡೆಗೆ ತಿರುಗಿಸಿಬಿಡುವುದು ಸಾಮಾನ್ಯ. ಧ್ವನಿಯ ಜೊತೆ ಗುಂಯ್‌ಗುಡುವಿಕೆ ಇದ್ದರೆ ಚಾರ್ಜರನ್ನು ಗೋಡೆಯಿಂದ ಕಿತ್ತು ನೋಡಿ. ಅದು ನಿಂತರೆ ಅರ್ಥ್ ಎರಡು ದಾರಿಯಲ್ಲಿ ಸೇರಿರುವುದು ಕಾರಣವೆಂದು ತಿಳಿದು, ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಉಳ್ಳ ಡಿಐ ಬಾಕ್ಸನ್ನು (ಲ್ಯಾಪ್‌ಟಾಪಿನ ಧ್ವನಿಯನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ನಡುವೆ ಹಾಕಬೇಕು. ಗುಂಯ್ ಶಬ್ದ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನೇ ಕತ್ತರಿಸಿಹಾಕುವವರಿದ್ದಾರೆ. ಪ್ರಾಣಾಪಾಯದ ಕೆಲಸವದು, ಯಾರು ಸಲಹೆ ಮಾಡಿದರೂ ಒಪ್ಪಬಾರದು.

ಹಳೆಯ ಹಾಡುಗಳು ಮಾತ್ರ ಕೇಳಿಸದಿದ್ದಾಗ

ಹೊಸ ಧ್ವನಿಮುದ್ರಣಗಳು ಹೇಗೋ ಕೇಳಿಸುತ್ತವೆ, ಅವುಗಳಲ್ಲೂ ಹಾಡುಗಾರರ ಕಂಠ ಹಿಂದೆ ಸರಿದು ವಾದ್ಯಗಳಷ್ಟೇ ಉಳಿದಂತಿರುತ್ತದೆ. ಕ್ಯಾಸೆಟ್ಟಿನಿಂದ ಬಂದ ಹಾಡುಗಳು ಮಾತ್ರ ಬಹುತೇಕ ಮೌನವಾಗಿರುತ್ತವೆ. ಫೈಲುಗಳು ಕೆಟ್ಟಿವೆ ಎಂದು ನಿರ್ಧರಿಸಿ, ಇರುವ ಪ್ರತಿಗಳನ್ನೂ ಅಳಿಸಿಹಾಕುವಷ್ಟರ ಮಟ್ಟಿಗೆ ಈ ದೋಷ ದಾರಿ ತಪ್ಪಿಸುತ್ತದೆ. ಒಂದು ಬಗೆಯ ಹಾಡುಗಳಲ್ಲಿ ಮಾತ್ರ ಇರುವ ದೋಷಕ್ಕೆ ಯಂತ್ರ ಕಾರಣವಲ್ಲ ಎಂದು ಮೇಲೆ ಹೇಳಿದ ಸೂತ್ರಕ್ಕೆ ಇದು ಅಪವಾದದಂತೆ ತೋರುತ್ತದೆ. ಆದರೆ ಸೂಕ್ಷ್ಮವಾಗಿ ಕೇಳಿದರೆ ದೋಷ ಎಲ್ಲ ಹಾಡುಗಳಲ್ಲೂ ಇರುತ್ತದೆ, ಅದರ ಪ್ರಮಾಣ ಮಾತ್ರ ಬೇರೆ ಬೇರೆ.

ಲ್ಯಾಪ್‌ಟಾಪಿನ 3.5 ಮಿ.ಮೀ. ಪಿನ್ನಿನ ತುದಿಯಲ್ಲಿ ಎಡಗಡೆಯ ಧ್ವನಿ, ನಡುವಿನ ಉಂಗುರದಲ್ಲಿ ಬಲಗಡೆಯ ಧ್ವನಿ ಇರುತ್ತದೆ. ಈ ಪಿನ್ನನ್ನು ಒಂದೇ ಕೇಬಲ್ಲಿನಲ್ಲಿ ನೇರವಾಗಿ ಕೊಟ್ಟರೆ, ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ (ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ ಪಡೆಯುವ ಕಿಂಡಿ) ಇವೆರಡನ್ನು ಎಡ ಬಲ ಎಂದು ತಿಳಿಯುವುದಿಲ್ಲ. ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ಧ್ವನಿಯೆಂದು ತೆಗೆದುಕೊಳ್ಳುತ್ತದೆ. ಎರಡೂ ಕಡೆ ಸಮನಾಗಿರುವುದೆಲ್ಲ ಈ ಕಳೆಯುವಿಕೆಯಲ್ಲಿ ಸೊನ್ನೆಯಾಗುತ್ತದೆ. ಸ್ಟೀರಿಯೊ ಮುದ್ರಣದಲ್ಲಿ ಕಂಠವನ್ನು ನಟ್ಟನಡುವೆ ಇಡುವ ರೂಢಿ ಇರುವುದರಿಂದ ಕಂಠ ಮಾಯವಾಗುತ್ತದೆ. ಒಂದೇ ಮೈಕಿನಲ್ಲಿ ಮುದ್ರಿತವಾದ ಹಳೆಯ ಹಾಡಿನಲ್ಲಿ ಎಡ ಬಲ ಎರಡೂ ಒಂದೇ ಆಗಿರುವುದರಿಂದ ಹಾಡಿಗೆ ಹಾಡೇ ಮಾಯವಾಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಉಪಕರಣ ಬೇಕಿಲ್ಲ. ಲ್ಯಾಪ್‌ಟಾಪಿನ ಧ್ವನಿ ಹೊಂದಾಣಿಕೆಯಲ್ಲಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಸರಿಸಬೇಕು. ಕಳೆಯಲು ಬಲಗಡೆ ಏನೂ ಉಳಿಯದ ಕಾರಣ ಹಾಡು ತಟ್ಟನೆ ಮರಳಿ ಬಂದರೆ ದೋಷ ಕೇಬಲ್ಲಿನದೇ. ಕಾರ್ಯಕ್ರಮದ ನಡುವೆ ಇದೇ ತಾತ್ಕಾಲಿಕ ಪರಿಹಾರವೂ ಹೌದು. ಹಳೆಯ ಮೋನೊ ಹಾಡುಗಳಿಗಂತೂ ಇದರಿಂದ ನಷ್ಟವೇನೂ ಇಲ್ಲ. ಶಾಶ್ವತ ಪರಿಹಾರವಾಗಿ, ಒಂದು ಸ್ಟೀರಿಯೊ ಪಿನ್ನನ್ನು ಎರಡು ಮೋನೊ ಪಿನ್ನುಗಳಾಗಿ ಒಡೆಯುವ ಕೇಬಲ್ಲನ್ನು ತಂಡದ ಚೀಲದಲ್ಲೇ ಇಟ್ಟುಕೊಂಡು, ಮಿಕ್ಸರಿನ ಎರಡು ಚಾನೆಲ್ಲುಗಳಿಗೆ ಕೊಡಬೇಕು. ಊರೂರಿನ ಸೌಂಡ್‌ನವರ ಬಳಿ ಇಂಥ ಕೇಬಲ್ ಇರುತ್ತದೆಂದು ನಂಬಿ ಹೋಗುವುದು ಜಾಣತನವಲ್ಲ.

ವೇಗ ತಪ್ಪಿದಾಗ

ಹಾಡು ಓಡುತ್ತಿದೆ ಅಥವಾ ಎಳೆಯುತ್ತಿದೆ ಎಂಬ ದೂರು ಬಂದರೆ ಶ್ರುತಿಯೂ ಬದಲಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಇಡೀ ಪತ್ತೆಯ ಕೀಲಿ ಇಲ್ಲಿದೆ.

ಶ್ರುತಿ ಸರಿಯಿದ್ದು ಲಯ ಮಾತ್ರ ಬದಲಾಗಿದ್ದರೆ, ಪ್ಲೇಯರಿನ ವೇಗ ನಿಯಂತ್ರಣವನ್ನು ಯಾರೋ ಮುಟ್ಟಿದ್ದಾರೆಂದೇ ಅರ್ಥ. ಹೊಸಬರಿಗೆ ವರಸೆ ಕಲಿಸುವಾಗ ಹಾಡನ್ನು ನಿಧಾನಿಸುವುದು ಸಹಜ. ಆ ಹೊಂದಾಣಿಕೆಯನ್ನು ಪ್ಲೇಯರ್ ನೆನಪಿಟ್ಟುಕೊಂಡು ಮುಂದಿನ ಹಾಡಿಗೂ ಹೇರಿದಾಗ ಈ ದೋಷ ಕಾಣುತ್ತದೆ. ಇದು ವಿನ್ಯಾಸದ ತಪ್ಪು. ವೇಗವೆಂಬುದು ಪ್ಲೇಯರಿನ ಗುಣವಾಗಿರದೆ ಕಾರ್ಯಕ್ರಮ ಪಟ್ಟಿಯ ಪ್ರತಿಯೊಂದು ಸಾಲಿನ ಗುಣವಾಗಿರಬೇಕು, ಮತ್ತು ಪ್ರತಿ ಹಾಡು ಆರಂಭವಾಗುವಾಗ ತಂತ್ರಾಂಶವು ಆ ಸಾಲಿನಲ್ಲಿರುವ ವೇಗವನ್ನು ಪ್ಲೇಯರಿಗೆ ಹೊಸದಾಗಿ ಹೇಳಬೇಕು.

ಲಯ ಮತ್ತು ಶ್ರುತಿ ಎರಡೂ ಒಟ್ಟಿಗೆ ಏರಿದ್ದರೆ ಗಡಿಯಾರ ಹಿಡಿದು ಅಳೆಯಿರಿ. 5 ನಿಮಿಷದ ಹಾಡು 4 ನಿಮಿಷ 36 ಸೆಕೆಂಡಿಗೇ ಮುಗಿದರೆ, ಸೆಕೆಂಡಿಗೆ 44,100 ಮಾದರಿಗಳಲ್ಲಿ (ಡಿಜಿಟಲ್ ಧ್ವನಿಗಾಗಿ ಕ್ಷಣಕ್ಷಣಕ್ಕೂ ತೆಗೆದ ಅಳತೆಗಳು) ಮುದ್ರಿತವಾದದ್ದನ್ನು 48,000ದ ಲೆಕ್ಕದಲ್ಲಿ ನುಡಿಸಲಾಗುತ್ತಿದೆ. ತಿರುಗುಮುರುಗಾದರೆ ಅದೇ ಹಾಡು 5 ನಿಮಿಷ 27 ಸೆಕೆಂಡು ಎಳೆಯುತ್ತದೆ. ಈ ವ್ಯತ್ಯಾಸದಲ್ಲಿ ಶ್ರುತಿ ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನೆಲ್ಲ ಎಣಿಸಿದರೆ ಸುಮಾರು ಒಂದೂವರೆ ಮನೆಯಷ್ಟು ಸರಿಯುತ್ತದೆ. ಹಾರ್ಮೋನಿಯಂ ಜೊತೆಯಲ್ಲೇ ಹಾಡಿದ ಹಾಡು ಈಗ ಯಾವ ಮನೆಗೂ ಕೂಡದೆ ಎರಡು ಮನೆಗಳ ನಡುವೆ ನಿಂತಿದ್ದರೆ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆ. ಎಲ್ಲ ಹಾಡುಗಳೂ ಹೀಗಾಗುತ್ತಿದ್ದರೆ ಹೊರಗಿನ ಸೌಂಡ್ ಕಾರ್ಡಿನ ಮಾದರಿ ದರ ತಪ್ಪಾಗಿದೆ. ವಿಡಿಯೊದಿಂದ ತೆಗೆದವು ಮಾತ್ರ ಹೀಗಾಗಿದ್ದರೆ ಪರಿವರ್ತನೆಯಲ್ಲಿ ಎಡವಟ್ಟಾಗಿದೆ, ಏಕೆಂದರೆ ವಿಡಿಯೊಗಳ ಧ್ವನಿ ಸಾಮಾನ್ಯವಾಗಿ 48,000ದ್ದು, ಸಿ.ಡಿ.ಯದು 44,100ದ್ದು. ಫೈಲಿನ ಕೋಷ್ಟಕದಲ್ಲಿ ಮಾದರಿ ದರಕ್ಕೂ ಅವಧಿಗೂ ಒಂದೊಂದು ಕಾಲಂ ಇಡಬೇಕೆಂದು ಹೇಳುವುದು ಇದಕ್ಕಾಗಿಯೇ.

ವ್ಯತ್ಯಾಸ ಎರಡು, ಮೂರು, ನಾಲ್ಕು ಶೇಕಡದಷ್ಟು ಚಿಕ್ಕದಾಗಿದ್ದು, ಕ್ಯಾಸೆಟ್ಟಿನ ಹಾಡುಗಳಲ್ಲಿ ಮಾತ್ರ ಕಂಡರೆ, ಟೇಪ್ ರೆಕಾರ್ಡರಿನ ಓಟವೇ ತಪ್ಪಿತ್ತು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕೆಂಬುದು ನಿಯಮವಾದರೂ ಬೆಲ್ಟು ಸಡಿಲಾದ ಯಂತ್ರಗಳು ಆ ಮಾತನ್ನು ಕೇಳುತ್ತಿರಲಿಲ್ಲ. ಮೂಲ ವೇಗವನ್ನು ಕಂಡುಹಿಡಿಯಲು ಸೊಗಸಾದ ದಾರಿಯೊಂದಿದೆ. ವಿದ್ಯುತ್ ಸಂಪರ್ಕವಿರುವ ಕಡೆ ಮುದ್ರಿಸಿದ ಹಾಡುಗಳ ಹಿಂದೆ ಕರೆಂಟಿನ ಗುಂಯ್ ಶಬ್ದ ಸಣ್ಣಗೆ ಸೇರಿಕೊಂಡಿರುತ್ತದೆ. ಅದರ ಆವರ್ತನ ನಮ್ಮ ದೇಶದಲ್ಲಿ 50 ಹರ್ಟ್ಸ್. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಹಾಡು ಶುರುವಾಗುವ ಮುಂಚಿನ ಮೌನದ ಭಾಗವನ್ನು ಆಯ್ದು, ಆವರ್ತನ ವಿಶ್ಲೇಷಣೆಯ ಗಾತ್ರವನ್ನು 65536 ಎಂದು ಇಟ್ಟು ನೋಡಿದರೆ ಒಂದು ಹರ್ಟ್ಸಿಗಿಂತ ಕಡಿಮೆ ಅಂತರವೂ ಕಾಣುತ್ತದೆ. ಶಿಖರ 50ರ ಬದಲು 52ರಲ್ಲಿದ್ದರೆ ಹಾಡು ಶೇಕಡ 4ರಷ್ಟು ವೇಗವಾಗಿದೆ. 100ರ ಸುತ್ತಲಿನ ಶಿಖರವನ್ನು ಅಳೆದರೆ ನಿಖರತೆ ಇಮ್ಮಡಿಯಾಗುತ್ತದೆ.

ಇದನ್ನು ಕಣ್ಣುಮುಚ್ಚಿ ನಂಬಲಾಗದು ಎಂಬುದಕ್ಕೂ ಕಾರಣಗಳಿವೆ. ಡಿಜಿಟಲ್ ಮಾಡುವಾಗ ಸೇರಿಕೊಂಡ ಗುಂಯ್ ಶಬ್ದವು ಟೇಪಿನ ವೇಗ ಏನೇ ಇರಲಿ, ಸರಿಯಾಗಿ 50ರಲ್ಲೇ ನಿಂತಿರುತ್ತದೆ. ಅಮೆರಿಕದ ಬಂಧುಗಳು ಅಲ್ಲಿ ಪರಿವರ್ತಿಸಿ ಕಳುಹಿಸಿದ್ದಾದರೆ 60ರಲ್ಲಿ ಇನ್ನೊಂದು ಶಿಖರ ಕಂಡೀತು. ಬ್ಯಾಟರಿ ಹಾಕಿದ ಯಂತ್ರದಲ್ಲಿ ಬಯಲಿನಲ್ಲಿ ಮುದ್ರಿಸಿದ್ದರೆ ಗುಂಯ್ ಶಬ್ದವೇ ಇರುವುದಿಲ್ಲ. ಮೊದಲೆಲ್ಲ ನಮ್ಮ ವಿದ್ಯುತ್ ಜಾಲದ ಆವರ್ತನವೂ 50ಕ್ಕಿಂತ ಕೆಳಗಿಳಿಯುತ್ತಿದ್ದುದುಂಟು. ಆದಕಾರಣ ಲೆಕ್ಕ ಹಾಕಿ ಸರಿಪಡಿಸಿದ ಮೇಲೆ, ಆ ಹಾಡನ್ನು ಬಲ್ಲ ಹಿರಿಯ ಕಲಾವಿದರಿಗೆ ಕೇಳಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯದು. ಸರಿಪಡಿಸುವಾಗ ಶ್ರುತಿಯನ್ನು ಹಾಗೇ ಇಟ್ಟು ಲಯವನ್ನಷ್ಟೇ ಬದಲಿಸುವ ಆಯ್ಕೆಯನ್ನು ಬಳಸಕೂಡದು. ಟೇಪಿನಲ್ಲಿ ಎರಡೂ ಒಟ್ಟಿಗೆ ಕೆಟ್ಟಿರುವುದರಿಂದ ಒಟ್ಟಿಗೇ ಸರಿಯಾಗಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ದೂರು, ನಿಧಾನಿಸಿದ ಹಾಡಿನಲ್ಲಿ ಕೋಲಿನ ಪೆಟ್ಟು ಮೊಂಡಾಗಿ ಅಥವಾ ಜೋಡಿಯಾಗಿ ಕೇಳಿಸುತ್ತದೆ ಎಂಬುದು. ಶ್ರುತಿ ಕೆಡದಂತೆ ಲಯ ಬದಲಿಸುವ ತಂತ್ರಾಂಶವು ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕು ಮಾಡಿ ಒಂದರ ಮೇಲೊಂದು ಹೊಂದಿಸುತ್ತದೆ. ಎಳೆದು ಹಾಡುವ ಕಂಠ ಇದನ್ನು ತಾಳಿಕೊಳ್ಳುತ್ತದೆ. ಕ್ಷಣಾರ್ಧದಲ್ಲಿ ಹುಟ್ಟಿ ಮುಗಿಯುವ ಕೋಲಿನ ಪೆಟ್ಟು, ಕಂಸಾಳೆಯ ಕಂಚಿನ ಬಟ್ಟಲುಗಳ ಘಾತ, ಡೊಳ್ಳಿನ ಮೊದಲ ಏಟು ತಾಳಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತಾಳವಾದ್ಯ ಪ್ರಧಾನವಾದ ಹಾಡುಗಳನ್ನು ಶೇಕಡ ಹತ್ತಕ್ಕಿಂತ ಹೆಚ್ಚು ಎಳೆಯಬಾರದು. ಕುಣಿತದ ಲಯ ಆರಂಭದಿಂದ ಕೊನೆಗೆ ಏರುತ್ತ ಹೋಗಬೇಕೆಂದಿದ್ದರೆ, ಒಂದೇ ಮುದ್ರಿಕೆಯನ್ನು ಯಂತ್ರದಿಂದ ಓಡಿಸುವುದಕ್ಕಿಂತ ಹಾಡುಗಾರರಿಂದಲೇ ವಿಳಂಬ, ಮಧ್ಯ, ದ್ರುತ ಎಂದು ಮೂರು ಬಾರಿ ಹಾಡಿಸಿ ಮುದ್ರಿಸಿಕೊಳ್ಳುವುದು ಲೇಸು.

ಹಾಡು ಇದ್ದೂ ಹುಡುಕಾಟದಲ್ಲಿ ಸಿಗದಿದ್ದಾಗ

ಪರದೆಯ ಮೇಲೆ ‘ಕೋಲಾಟ’ ಎಂಬ ಹೆಸರು ಕಣ್ಣಿಗೆ ಕಾಣುತ್ತಿದ್ದರೂ ಹುಡುಕುವ ಪೆಟ್ಟಿಗೆಯಲ್ಲಿ ಅದನ್ನೇ ಟೈಪಿಸಿದರೆ ಏನೂ ಸಿಗುವುದಿಲ್ಲ. ಯೂನಿಕೋಡಿನಲ್ಲಿ ‘ಕೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಗುರುತು, ಊಕಾರದ ಗುರುತು ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು, ತೆರೆಯ ಮೇಲೆ ಎರಡೂ ಒಂದೇ. ಎಸ್‌ಕ್ಯುಎಲೈಟ್ ಹೋಲಿಸುವುದು ಬೈಟುಗಳನ್ನು, ಆಕಾರವನ್ನಲ್ಲ. ಮೊದಲ ಬಗೆಯ ‘ಕೋಲಾಟ’ದ ಉದ್ದ 5, ಎರಡನೆಯ ಬಗೆಯದರ ಉದ್ದ 7. ಉದ್ದ ಕೇಳುವ ಒಂದು ಸಾಲಿನ ಆಜ್ಞೆ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಈ ದೋಷ ಒಬ್ಬರೇ ಕಳುಹಿಸಿದ ಫೈಲುಗಳಲ್ಲಿ ಗುಂಪಾಗಿ ಕಂಡರೆ ಅವರ ಬಳಿ ಹಳೆಯ ಮ್ಯಾಕ್ ಕಂಪ್ಯೂಟರ್ ಇದೆಯೇ ಎಂದು ಕೇಳಿ. ಅದರ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟ ರೂಪದಲ್ಲೇ ಉಳಿಸುತ್ತಿತ್ತು. ‘ಈ’, ‘ಏ’, ‘ಐ’, ‘ಒ’, ‘ಓ’ ಗುಣಿತಗಳಿರುವ ಹೆಸರುಗಳಿಗೆಲ್ಲ ಈ ತೊಂದರೆ ಇರುವುದರಿಂದ ವೀರಗಾಸೆಯೂ ಡೊಳ್ಳು ಕುಣಿತವೂ ಇದೇ ಬಲೆಗೆ ಬೀಳುತ್ತವೆ, ‘ಕಂಸಾಳೆ’ ಮಾತ್ರ ಪಾರಾಗುತ್ತದೆ. ಹೆಸರು ದತ್ತಸಂಚಯದ ಒಳಗೆ ಹೋಗುವಾಗಲೂ, ಹುಡುಕುವ ಪದ ಹೊರಡುವಾಗಲೂ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಿರುಗಿಸುವುದೇ ಪರಿಹಾರ. ಎರಡರಲ್ಲಿ ಒಂದು ಕಡೆ ಮಾತ್ರ ಮಾಡಿದರೆ ದೋಷ ಜಾಗ ಬದಲಿಸುತ್ತದೆ, ಹೋಗುವುದಿಲ್ಲ.

ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಕೂತಿರುವ ಜೋಡಕ ಮತ್ತು ಬೇರ್ಪಡಕ ಸಂಕೇತಗಳು ಎನ್‌ಎಫ್‌ಸಿಯಿಂದ ಹೋಗುವುದಿಲ್ಲವಾದ್ದರಿಂದ, ಅವುಗಳನ್ನು ತೆಗೆದ ಹುಡುಕು ಹೆಸರೊಂದನ್ನು ಪ್ರತ್ಯೇಕ ಕಾಲಂನಲ್ಲಿ ಇಡಬೇಕು. ತೋರಿಸುವ ಹೆಸರಿನಿಂದ ತೆಗೆದರೆ ಬರಹ ಕೆಡುತ್ತದೆ. ಹೆಸರಿನ ಜಾಗದಲ್ಲಿ ಮೇಲೆ ಗುರುತು ಹೊತ್ತ ರೋಮನ್ ಅಕ್ಷರಗಳ ರಾಶಿ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪಿಸಿದ್ದು, ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬೇಕು. ಹೆಸರು ಅರ್ಧಕ್ಕೇ ಕತ್ತರಿಸಿದ್ದರೆ ಅದು ಎಂಪಿ3 ಫೈಲಿನೊಳಗೇ ಹಾಡಿನ ವಿವರ ಬರೆದಿಡುವ ಐಡಿ3 ಪದ್ಧತಿಯ ಮೊದಲ ಆವೃತ್ತಿಯ ಟ್ಯಾಗು. ಅದರಲ್ಲಿ ಹಾಡಿನ ಹೆಸರಿಗಿರುವುದು 30 ಬೈಟುಗಳಷ್ಟೇ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಇನ್ನು ‘ಪಟ ಕುಣಿತ’ ಮತ್ತು ‘ಪಟಕುಣಿತ’, ‘ಕಂಸಾಳೆ’ ಮತ್ತು ‘ಕಂಸಾಲೆ’ ಎಂಬಂಥ ಭೇದಗಳಿಗೆ ತಾಂತ್ರಿಕ ಮದ್ದಿಲ್ಲ. ಕುಣಿತದ ಕೋಷ್ಟಕದಲ್ಲಿ ಪರ್ಯಾಯ ಹೆಸರುಗಳನ್ನು ಕೈಯಾರೆ ಸೇರಿಸುತ್ತ ಹೋಗಬೇಕು.

ಎಲ್ಲ ಹಾಡುಗಳೂ ಒಮ್ಮೆಲೆ ಕಾಣೆಯಾಗಿದ್ದರೆ ಗಾಬರಿ ಬೇಡ. ಹೊರಗಿನ ಡಿಸ್ಕಿಗೆ ವಿಂಡೋಸ್ ಈ ಬಾರಿ ಬೇರೆ ಡ್ರೈವ್ ಅಕ್ಷರ ಕೊಟ್ಟಿರುತ್ತದೆ. ಫೈಲಿನ ದಾರಿಯನ್ನು ಸಂಚಯ ಇರುವ ಫೋಲ್ಡರಿನಿಂದ ಮುಂದಕ್ಕೆ ಮಾತ್ರ ಬರೆದಿಟ್ಟರೆ ಇದು ಮರುಕಳಿಸದು.

ಕೊನೆಯ ಸುತ್ತಿನಲ್ಲಿ ತಂಡ ತಡವರಿಸಿದಾಗ

ಧ್ವನಿ ಚೆನ್ನಾಗಿದೆ, ವೇಗ ಸರಿಯಿದೆ, ಹೆಸರೂ ಸರಿಯಿದೆ. ಆದರೆ ಹೊರ ಸುತ್ತಿನವರು ಒಳಕ್ಕೆ ಬರುವ ಮೊದಲೇ ಹಾಡು ಮುಗಿಯುತ್ತದೆ. ಅಭ್ಯಾಸ ಸಾಲದೆಂದು ಹುಡುಗರನ್ನು ಗದರುವ ಮುನ್ನ, ನುಡಿದದ್ದು ಅಭ್ಯಾಸ ಮಾಡಿದ ಮುದ್ರಿಕೆಯೇ ಎಂದು ನೋಡಬೇಕು. ಅದೇ ಹಾಡಿನ ಒಂದು ಮುದ್ರಿಕೆಯಲ್ಲಿ ಆರು ಚರಣಗಳಿದ್ದು ಇನ್ನೊಂದರಲ್ಲಿ ನಾಲ್ಕೇ ಇರಬಹುದು, ಒಂದರಲ್ಲಿ ಹಿಮ್ಮೇಳ ಪಲ್ಲವಿಯನ್ನು ಎರಡು ಸಲ ಹೇಳಿದರೆ ಇನ್ನೊಂದರಲ್ಲಿ ಒಂದೇ ಸಲ ಹೇಳಿರಬಹುದು. ಕಾರ್ಯಕ್ರಮ ಪಟ್ಟಿಯು ಹಾಡಿನ ಹೆಸರನ್ನು ಹಿಡಿದು ಫೈಲು ಹುಡುಕುವಂತೆ ಬರೆದ ತಂತ್ರಾಂಶದಲ್ಲಿ ಈ ಅದಲುಬದಲು ಆಗಿಯೇ ತೀರುತ್ತದೆ. ಪಟ್ಟಿಯ ಸಾಲು ಮುದ್ರಿಕೆಯ ಗುರುತುಸಂಖ್ಯೆಗೆ ಅಂಟಿರಬೇಕು, ಮತ್ತು ಮುದ್ರಿಕೆಯ ಕೋಷ್ಟಕದಲ್ಲಿ ಚರಣಗಳ ಸಂಖ್ಯೆ, ಪಲ್ಲವಿಯ ಆವರ್ತನೆ, ಒಟ್ಟು ಅವಧಿ ದಾಖಲಾಗಿರಬೇಕು.

ಫೈಲಿನ ಮೇಲೆ ಹೊಸ ಫೈಲನ್ನು ಅದೇ ಹೆಸರಿನಲ್ಲಿ ನಕಲಿಸಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದನ್ನು ಹಿಡಿಯಲು ಫೈಲಿನ ಚೆಕ್‌ಸಮ್ (ಒಳಗಿನ ಬೈಟುಗಳಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಇಡುವುದು ವಾಡಿಕೆ. ಆದರೆ ಟ್ಯಾಗಿನಲ್ಲಿ ಒಂದಕ್ಷರ ತಿದ್ದಿದರೂ ಇಡೀ ಫೈಲಿನ ಚೆಕ್‌ಸಮ್ ಬದಲಾಗಿ ಸುಳ್ಳು ಎಚ್ಚರಿಕೆಗಳು ಹೆಚ್ಚಿದಾಗ ಯಾರೂ ಅವುಗಳನ್ನು ಲೆಕ್ಕಿಸುವುದಿಲ್ಲ. ಫ್ಲ್ಯಾಕ್ ಫೈಲುಗಳ ಶಿರೋಭಾಗದಲ್ಲಿ ಧ್ವನಿಯ ಭಾಗಕ್ಕೆ ಮಾತ್ರ ಸಂಬಂಧಿಸಿದ ಎಂಡಿ5 ಎಂಬ ಚೆಕ್‌ಸಮ್ ಇರುತ್ತದೆ, ಹೋಲಿಸಲು ಅದೇ ಯೋಗ್ಯ.

ತಾಳ ಜಾರಿದಂತೆ ಕೇಳಿಸಿದಾಗ

ಅಭ್ಯಾಸಕ್ಕೆಂದು ಒಂದೇ ಚರಣವನ್ನು ಮತ್ತೆ ಮತ್ತೆ ನುಡಿಸುವಾಗ ಸುತ್ತು ಮುಗಿದಲ್ಲೆಲ್ಲ ತಾಳ ಕೊಂಚ ತಡವಾದರೆ ಎಂಪಿ3 ಕಾರಣ. ಆ ವಿಧಾನ ಧ್ವನಿಯನ್ನು 1152 ಮಾದರಿಗಳ ಕಂತುಗಳಲ್ಲಿ, ಅಂದರೆ 44,100ರ ದರದಲ್ಲಿ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಲ್ಲಿ ತುಂಬುತ್ತದೆ, ಮೊದಲಲ್ಲೂ ಕೊನೆಯಲ್ಲೂ ಮೌನ ಸೇರಿಸುತ್ತದೆ. ಎರಡನೆಯ ಚರಣಕ್ಕೆಂದು ಹಾಕಿದ ಗುರುತು ಬೇರೆಲ್ಲೋ ಹೋಗಿ ಬೀಳುವುದೂ, ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ) ಏರಿಳಿಯುವ ಎಂಪಿ3ಗಳಲ್ಲಿ ಸೂಚಿ ಇಲ್ಲದಿದ್ದಾಗ ಕಾಣುವ ತೊಂದರೆಯೇ. ಅಭ್ಯಾಸದ ತುಣುಕುಗಳನ್ನು ಫ್ಲ್ಯಾಕ್ ಅಥವಾ ವೇವ್ ರೂಪದಲ್ಲಿ ಇಟ್ಟುಕೊಂಡರೆ ಎರಡೂ ತಪ್ಪುತ್ತವೆ.

ಬಯಲಿನ ಕಾರ್ಯಕ್ರಮದಲ್ಲಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ತಾಳ ಕೂಡದಿದ್ದರೆ ಕಂಪ್ಯೂಟರನ್ನು ಮುಟ್ಟಬೇಡಿ. ಧ್ವನಿ 34 ಮೀಟರ್ ಸಾಗಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ನಿಮಿಷಕ್ಕೆ 120 ಪೆಟ್ಟಿನ ಕೋಲಾಟದಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು ಮಾತ್ರ. ಐದರಲ್ಲಿ ಒಂದು ಪಾಲು ಹಿಂದೆ ಬಿದ್ದರೆ ಕೋಲುಗಳ ಸದ್ದು ಒಡೆದು ಕೇಳುತ್ತದೆ. ಮೈದಾನದ ಎರಡೂ ತುದಿಗಳಲ್ಲಿ ಸ್ಪೀಕರ್ ಇಟ್ಟರೆ ನಡುವಿನವರಿಗೆ ಇನ್ನೂ ಗೊಂದಲ. ಒಂದೇ ಕಡೆಯಿಂದ ನುಡಿಸುವುದು ಅಥವಾ ದೂರದ ಸ್ಪೀಕರಿಗೆ ಅಷ್ಟೇ ವಿಳಂಬ ಕೊಡುವುದು ಸರಿ. ಒಂದು ಸ್ಪೀಕರ್ ತಂತಿಯಲ್ಲಿ, ಇನ್ನೊಂದು ಬ್ಲೂಟೂತಿನಲ್ಲಿ ಎಂಬ ಜೋಡಣೆಯನ್ನಂತೂ ಮಾಡಲೇಬಾರದು.

ಒಂದು ಹಾಡು ಗಟ್ಟಿ, ಇನ್ನೊಂದು ಮೆಲು

ಪ್ರತಿ ಫೈಲಿನ ಗಟ್ಟಿತನವನ್ನು ಮೊದಲೇ ಅಳೆದು ರೀಪ್ಲೇಗೇನ್ ಮೌಲ್ಯವನ್ನು (ಹಾಡನ್ನು ಎಷ್ಟು ಏರಿಸಬೇಕು ಅಥವಾ ತಗ್ಗಿಸಬೇಕು ಎಂಬ ಅಂಕಿ) ಸಂಚಯದಲ್ಲಿಟ್ಟು, ನುಡಿಸುವಾಗ ಅನ್ವಯಿಸಬೇಕು. ಡೊಳ್ಳಿನ ಮುದ್ರಿಕೆಗಳಲ್ಲಿ ಸರಾಸರಿ ಮಟ್ಟ ಕಡಿಮೆಯಿದ್ದೂ ಏಟಿನ ಶಿಖರ ಬಹಳ ಎತ್ತರದಲ್ಲಿರುತ್ತದೆ. ಅಳತೆಯ ಪ್ರಕಾರ ಅದನ್ನು ಏರಿಸಿದರೆ ಪ್ರತಿ ಏಟೂ ಒಡಕಾಗುತ್ತದೆ. ಆದ್ದರಿಂದ ಮೆಲುವಾದದ್ದನ್ನು ಏರಿಸುವ ಬದಲು ಗಟ್ಟಿಯಾದದ್ದನ್ನು ತಗ್ಗಿಸಿ, ಒಟ್ಟು ಧ್ವನಿಯನ್ನು ಮಿಕ್ಸರಿನಲ್ಲಿ ಏರಿಸಿಕೊಳ್ಳಬೇಕು.

ನಡುವೆ ನಿಂತುಹೋದಾಗ

ಲ್ಯಾಪ್‌ಟಾಪ್ ನಿದ್ರೆಗೆ ಜಾರುವುದು, ಯುಎಸ್‌ಬಿಯ ವಿದ್ಯುತ್ ಉಳಿತಾಯದಿಂದ ಸೌಂಡ್ ಕಾರ್ಡ್ ಕಡಿದುಹೋಗುವುದು, ವಿಂಡೋಸ್ ಅಪ್‌ಡೇಟ್ ಶುರುವಾಗುವುದು ಈ ಮೂರೇ ಮುಖ್ಯ ಕಾರಣಗಳು. ಮೂರನ್ನೂ ಹಿಂದಿನ ದಿನವೇ ಹೊಂದಾಣಿಕೆಯಲ್ಲಿ ತಡೆಯಬಹುದು. ಹಾಡು ಪ್ರತಿ ಬಾರಿಯೂ ಒಂದೇ ಕ್ಷಣದಲ್ಲಿ ನಿಂತರೆ ಫೈಲು ಕೆಟ್ಟಿದೆ, ಬೇರೆ ಬೇರೆ ಕ್ಷಣದಲ್ಲಿ ನಿಂತರೆ ಯಂತ್ರವನ್ನು ನೋಡಬೇಕು. ಆ ದಿನದ ಪಟ್ಟಿಯ ಹಾಡುಗಳನ್ನಷ್ಟು ಕ್ರಮಸಂಖ್ಯೆಯೊಡನೆ ಒಂದು ಮೊಬೈಲಿಗೆ ಹಾಕಿಕೊಂಡು, 01, 02 ಎಂದು ಸೊನ್ನೆ ಸೇರಿಸಿ ಹೆಸರಿಟ್ಟಿರಬೇಕು. ಇಲ್ಲವಾದರೆ ಹಲವು ಪ್ಲೇಯರುಗಳಲ್ಲಿ ಹತ್ತನೆಯ ಹಾಡು ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ.